ಲಂಡನ್ನಿನ ವಾರಪತ್ರಿಕೆಗೆ ಚಂದಾ ಕಟ್ಟಬೇಕೇ?

(ಹಾವೇರಿಯ ನಿವೃತ್ತ ಬ್ಯಾಂಕ್ ನೌಕರರೊಬ್ಬರ ಪತ್ರ ಚುಟುಕಾಗಿ ಹೀಗಿದೆ: "ಮೊಮ್ಮಗಳು ಐಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಕೋಚಿಂಗ್‌ನಲ್ಲಿ 'ದಿ ಎಕನಾಮಿಸ್ಟ್' ತರಿಸಿ ಅಂದಿದ್ದಾರಂತೆ. ಚಂದಾ ದರ ನೋಡಿ ಎದೆ ಧಸಕ್ಕೆಂದಿತು. ನನಗೂ ಓದುವ ಆಸೆಯಿದೆ. ಅಷ್ಟು ದುಡ್ಡು ಕೊಡಬಹುದಾ? ಭಾರತದ ಬಗ್ಗೆ ಬರೀ ಕೊಂಕು ಬರೆಯುತ್ತಾರೆ ಅನ್ನುತ್ತಾರಲ್ಲ, ನಿಜವಾ? ಇಂಥದ್ದು ಕನ್ನಡದಲ್ಲಿ ಯಾಕಿಲ್ಲ?")

ನಮಸ್ಕಾರ ಸರ್,

ಮೊಮ್ಮಗಳ ಪರೀಕ್ಷೆಗೆಂದೇ ಆದರೆ ಬೇಡ. ಆ ಪರೀಕ್ಷೆಗೆ ಬೇಕಾದದ್ದು ನಮ್ಮ ಸಂವಿಧಾನ, ನಮ್ಮ ಬಜೆಟ್, ರಿಸರ್ವ್ ಬ್ಯಾಂಕಿನ ನಿರ್ಧಾರಗಳು. ಒಂದು ಒಳ್ಳೆಯ ದಿನಪತ್ರಿಕೆ ಮತ್ತು ಕೇಂದ್ರದ ಆರ್ಥಿಕ ಸಮೀಕ್ಷೆಯನ್ನು ಗಮನವಿಟ್ಟು ಓದಿದರೆ ಅಷ್ಟೂ ಸಿಗುತ್ತದೆ. ಸಮೀಕ್ಷೆಯಂತೂ ಪುಕ್ಕಟೆ. ಓದಲು ಸಾವಿರ ಪುಟ ಬಾಕಿ ಇರುವ ಹುಡುಗಿಯ ಮೇಜಿನ ಮೇಲೆ ವಾರಕ್ಕೊಂದು ದಪ್ಪ ಸಂಚಿಕೆ ಬಂದು ಬಿದ್ದರೆ ಆತಂಕ ಜಾಸ್ತಿಯಾಗುತ್ತದೆ ಅಷ್ಟೆ.

ನಿಮಗೋಸ್ಕರ ಆದರೆ, ತರಿಸಿ ನೋಡಿ ಅನ್ನುತ್ತೇನೆ. ಆದರೆ ಸುದ್ದಿ ತಿಳಿಯಲಿಕ್ಕೆ ಅಂತ ತರಿಸಬೇಡಿ. ಸುದ್ದಿ ನಿಮ್ಮ ಫೋನಿಗೆ ಅದಕ್ಕಿಂತ ಮೊದಲೇ ಬಂದಿರುತ್ತದೆ. ಇದು ವಾದ ಮಾಡುವ ಪತ್ರಿಕೆ, ಹುಟ್ಟಿದ್ದೇ ವಾದ ಮಾಡಲಿಕ್ಕೆ. 1843ರಲ್ಲಿ ಜೇಮ್ಸ್ ವಿಲ್ಸನ್ ಎಂಬ ಸ್ಕಾಟ್ಲೆಂಡಿನ ಟೋಪಿ ವ್ಯಾಪಾರಿ ಇದನ್ನು ಶುರು ಮಾಡಿದ. ಬ್ರಿಟನ್ನಿನಲ್ಲಿ ಆಗ ಹೊರಗಿನ ಧಾನ್ಯದ ಮೇಲೆ ಭಾರಿ ಸುಂಕವಿತ್ತು. ಅದರಿಂದ ಜಮೀನ್ದಾರರಿಗೆ ಲಾಭ, ಬಡವರಿಗೆ ದುಬಾರಿ ರೊಟ್ಟಿ. ಆ ಸುಂಕದ ಕಾನೂನನ್ನು ಕಿತ್ತುಹಾಕಿ ಅನ್ನುವುದು ಅವನ ಹಟ. 1846ರಲ್ಲಿ ಸರ್ಕಾರ ಅದನ್ನು ತೆಗೆಯಿತು. ಪತ್ರಿಕೆ ಮಾತ್ರ ಉಳಿಯಿತು.

ಈ ವಿಲ್ಸನ್ ನಿಮಗೆ ಪರಿಚಯದವನೇ ಸರ್, ಹೆಸರು ಗೊತ್ತಿಲ್ಲದಿರಬಹುದು. 1857ರ ದಂಗೆಯ ಖರ್ಚಿನಿಂದ ಇಲ್ಲಿನ ಖಜಾನೆ ಬರಿದಾಗಿತ್ತು. ಅದನ್ನು ಸರಿಮಾಡಲು 1859ರಲ್ಲಿ ಅವನನ್ನು ಕಲ್ಕತ್ತಕ್ಕೆ ಕಳಿಸಿದರು. ಮರುವರ್ಷ ಬಜೆಟ್ ಮಂಡಿಸಿ ಭಾರತಕ್ಕೆ ಆದಾಯ ತೆರಿಗೆ ತಂದವನು ಅವನೇ. ಅದೇ ವರ್ಷ ಆಗಸ್ಟ್‌ನಲ್ಲಿ ಕಲ್ಕತ್ತದಲ್ಲೇ ಭೇದಿಯಿಂದ ತೀರಿಕೊಂಡ. ನೀವು ಬ್ಯಾಂಕಿನಲ್ಲಿ ಅಷ್ಟು ವರ್ಷ ಟಿಡಿಎಸ್ ಅಂತ ಆದಾಯ ತೆರಿಗೆ ಹಿಡಿದಿದ್ದೀರಲ್ಲ, ಅದರ ಬೇರು ಅಲ್ಲಿದೆ. 1853ರಲ್ಲಿ ಅವನು ಕಟ್ಟಿದ ಚಾರ್ಟರ್ಡ್ ಬ್ಯಾಂಕ್ ಇವತ್ತಿನ ಸ್ಟ್ಯಾಂಡರ್ಡ್ ಚಾರ್ಟರ್ಡ್‌ನಲ್ಲಿ ಸೇರಿಕೊಂಡಿದೆ.

ಮುಕ್ತ ವ್ಯಾಪಾರ, ಸರ್ಕಾರದ ಕೈ ಆದಷ್ಟು ಕಡಿಮೆ ಇರಬೇಕು ಅನ್ನುವ ನಂಬಿಕೆಯನ್ನು ಪತ್ರಿಕೆ ಇವತ್ತಿಗೂ ಬಿಟ್ಟಿಲ್ಲ. ಅದೇ ಅದರ ಶಕ್ತಿ, ಅದೇ ಅದರ ಕುರುಡು. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಲಕ್ಷಾಂತರ ಜನ ಹಸಿವಿನಿಂದ ಸಾಯುತ್ತಿದ್ದಾಗಲೂ ಸರ್ಕಾರದ ನೆರವಿನ ವಿರುದ್ಧ ಬರೆದ ಪತ್ರಿಕೆ ಇದು. 2003ರಲ್ಲಿ ಇರಾಕ್ ಯುದ್ಧಕ್ಕೆ ಬೆಂಬಲ ಕೊಟ್ಟಿತು. ಇನ್ನೊಂದು ಕಡೆ, 1991ರ ಮೇ ತಿಂಗಳಲ್ಲಿ, ನಮ್ಮ ಆರ್ಥಿಕ ಸುಧಾರಣೆಗೆ ಕೆಲವೇ ವಾರ ಮೊದಲು, ಭಾರತವನ್ನು ಪಂಜರದಲ್ಲಿಟ್ಟ ಹುಲಿ ಅಂತ ಕರೆದು ಲೈಸೆನ್ಸ್ ರಾಜ್ಯದ (ಉದ್ಯಮದ ಪ್ರತಿ ಹೆಜ್ಜೆಗೂ ಸರ್ಕಾರದ ಅನುಮತಿ ಬೇಕಿದ್ದ ವ್ಯವಸ್ಥೆ) ಬಗ್ಗೆ ಉದ್ದನೆಯ ವರದಿ ಮಾಡಿತ್ತು. 2014ರ ಚುನಾವಣೆಯಲ್ಲಿ ಮೋದಿಯವರನ್ನು ಬೆಂಬಲಿಸುವುದಿಲ್ಲ ಎಂದು ನೇರವಾಗಿ ಬರೆಯಿತು. ನಮ್ಮ ಮತದಾರರು ಅದನ್ನು ಓದಿದ ಹಾಗೆ ಕಾಣಲಿಲ್ಲ, ಬಿಡಿ.

ಹಾಗಾಗಿ ಕೊಂಕು ನಿಜವಾ ಅಂದರೆ, ಕೊಂಕು ಹೌದು, ಆದರೆ ನಮ್ಮೊಬ್ಬರಿಗೇ ಮೀಸಲಲ್ಲ. ಬ್ರಿಟನ್ನಿನ ಪುಟಗಳನ್ನು ಓದಿ ನೋಡಿ, ತಮ್ಮ ಪ್ರಧಾನಿಗಳನ್ನು ಹೇಗೆ ಬೆಂಡೆತ್ತುತ್ತಾರೆ ಅಂತ ಗೊತ್ತಾಗುತ್ತದೆ. ನನ್ನ ತಕರಾರು ಬೇರೆ. ಲೇಖನದ ಕೆಳಗೆ ಬರೆದವರ ಹೆಸರು ಇರುವುದಿಲ್ಲ. ಇಡೀ ಪತ್ರಿಕೆ ಒಂದೇ ದನಿಯಲ್ಲಿ, ಎಲ್ಲ ಗೊತ್ತಿರುವವರ ದನಿಯಲ್ಲಿ ಮಾತಾಡುತ್ತದೆ. ಆ ಆತ್ಮವಿಶ್ವಾಸಕ್ಕೆ ಓದುಗ ಬೇಗ ಮರುಳಾಗುತ್ತಾನೆ. ನೀವು ಮರುಳಾಗಬೇಡಿ. ಪೆನ್ಸಿಲ್ ಹಿಡಿದು ಜಗಳ ಮಾಡುತ್ತಾ ಓದಿ.

ನಮ್ಮ ಸರ್ಕಾರವೂ ಇದರ ಜೊತೆ ಜಗಳವಾಡಿದೆ. 2011ರ ಮೇ ತಿಂಗಳ ಒಂದು ಸಂಚಿಕೆಯಲ್ಲಿ ಕಾಶ್ಮೀರದ ನಕಾಶೆ ಭಾರತ ಒಪ್ಪುವ ರೀತಿಯಲ್ಲಿರಲಿಲ್ಲ. ಇಲ್ಲಿ ಹಂಚಬೇಕಿದ್ದ 28,000 ಪ್ರತಿಗಳಲ್ಲಿ ಆ ನಕಾಶೆಯ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಬೇಕಾಯಿತು. ಅಂಟಿಸಿದವರ ಕೈ ಎಷ್ಟು ನೋವಾಯಿತೋ!

ಓದುವ ಕ್ರಮದ ಬಗ್ಗೆ ಒಂದು ಮಾತು. ಕೊನೆಯಿಂದ ಶುರು ಮಾಡಿ. ಕಡೆಯ ಪುಟದಲ್ಲಿ ಈಚೆಗೆ ತೀರಿಕೊಂಡ ಒಬ್ಬರ ಬಗ್ಗೆ ಒಂದು ಪುಟದ ಬರಹ ಇರುತ್ತದೆ. ನನ್ನ ಪ್ರಕಾರ ಇಡೀ ಪತ್ರಿಕೆಯಲ್ಲಿ ಅತ್ಯುತ್ತಮ ಗದ್ಯ ಅಲ್ಲಿದೆ. ಆಮೇಲೆ ಏಷ್ಯಾದ ಪುಟಗಳು ಮತ್ತು 'ಬನಿಯನ್' ಅಂಕಣ, ಅಂದರೆ ನಮ್ಮ ಆಲದ ಮರವೇ. ಸಂಪಾದಕೀಯಗಳು ಮುಂದುಗಡೆ ಇದ್ದರೂ ಕೊನೆಗೆ ಓದಿ. ಎಷ್ಟೋ ಸಲ ಒಳಗಿನ ಉದ್ದ ವರದಿಯನ್ನೇ ಅಭಿಪ್ರಾಯ ಮಾಡಿ ಅಲ್ಲಿ ಹಾಕಿರುತ್ತಾರೆ. ವರದಿ ಮೊದಲು ಓದಿದರೆ ಅಭಿಪ್ರಾಯ ನಿಮ್ಮದೇ ಇರುತ್ತದೆ. ತಮಾಷೆಗೆ ಬೇಕಾದರೆ ಬಿಗ್ ಮ್ಯಾಕ್ ಸೂಚ್ಯಂಕ ನೋಡಿ. ಮೆಕ್‌ಡೊನಾಲ್ಡ್ಸ್ ಅಂಗಡಿಯ ಒಂದೇ ಬರ್ಗರ್‌ಗೆ ಯಾವ ದೇಶದಲ್ಲಿ ಎಷ್ಟು ಬೆಲೆ ಅಂತ ಹೋಲಿಸಿ ಕರೆನ್ಸಿ ಅಗ್ಗವೋ ತುಟ್ಟಿಯೋ ಹೇಳುತ್ತಾರೆ. 1986ರಿಂದ ನಡೆದಿದೆ. ನಮ್ಮಲ್ಲಿ ಆ ಅಂಗಡಿಯವರು ದನದ ಮಾಂಸದ ಬರ್ಗರ್ ಮಾರದ ಕಾರಣ ಕೋಳಿಯ ಮಹಾರಾಜ ಮ್ಯಾಕ್ ಲೆಕ್ಕಕ್ಕೆ ಬಂತು. ಕಣ್ಣಿಗೆ ತೊಂದರೆ ಇದ್ದರೆ ಸಂಚಿಕೆಯನ್ನು ಪೂರ್ತಿ ಓದಿ ಹೇಳುವ ಆಡಿಯೊ ಕೂಡ ಚಂದಾದಾರರಿಗೆ ಸಿಗುತ್ತದೆ.

ಇನ್ನು ದುಡ್ಡು. ಅಚ್ಚಿನ ಪ್ರತಿ ಬೇಡ. ಅಂಚೆಯಲ್ಲಿ ಬಂದು ತಲುಪುವಷ್ಟರಲ್ಲಿ ಮುಂದಿನ ವಾರದ್ದು ಆ್ಯಪ್‌ನಲ್ಲಿ ತಯಾರಾಗಿರುತ್ತದೆ. ಡಿಜಿಟಲ್ ಚಂದಾ ತಗೊಳ್ಳಿ, ಅದೂ ಸಿಗುವ ಅತಿ ಸಣ್ಣ ಅವಧಿಗೆ. ಇಂಥ ಚಂದಾಗಳಲ್ಲಿ ಶುರುವಿನ ರಿಯಾಯಿತಿ ದರ ಒಂದು, ನವೀಕರಣದ ದರ ಇನ್ನೊಂದು. ಎರಡನೆಯದನ್ನು ನೋಡಿ ತೀರ್ಮಾನ ಮಾಡಿ. ಕಾರ್ಡ್ ಕೊಟ್ಟರೆ ತಾನಾಗಿ ಕಡಿತವಾಗುವ ವ್ಯವಸ್ಥೆ ಇರುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಹಣ ಕಡಿತವಾಗುವ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು, ಅದರಲ್ಲೇ ಬೇಡ ಅನ್ನುವ ಅವಕಾಶವೂ ಇದೆ. ಆದರೂ ನವೀಕರಣದ ತಾರೀಕನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಮೊಮ್ಮಗಳು ಕಾಲೇಜಿನಲ್ಲಿದ್ದರೆ ವಿದ್ಯಾರ್ಥಿ ರಿಯಾಯಿತಿಯನ್ನೂ ವಿಚಾರಿಸಿ.

ಕನ್ನಡದಲ್ಲಿ ಯಾಕಿಲ್ಲ ಅನ್ನುವುದಕ್ಕೆ ಉತ್ತರವೂ ದುಡ್ಡಿನದೇ. ಅವರಿಗೆ ಹತ್ತು ಲಕ್ಷಕ್ಕೂ ಹೆಚ್ಚು ಚಂದಾದಾರರಿದ್ದಾರೆ. ಅವರು ಕೊಡುವ ಹಣದಿಂದ ಬೀಜಿಂಗ್‌ನಲ್ಲೋ ನೈರೋಬಿಯಲ್ಲೋ ಒಬ್ಬ ವರದಿಗಾರನನ್ನು ವರ್ಷಗಟ್ಟಲೆ ಇಟ್ಟುಕೊಳ್ಳಲು ಆಗುತ್ತದೆ. ಜಾಹೀರಾತು ಮುಟ್ಟದೆ ಓದುಗರ ದುಡ್ಡಿನಲ್ಲೇ ಪತ್ರಿಕೆ ನಡೆಸಬಹುದು ಅಂತ 1980ರ ದಶಕದಲ್ಲಿ ಲಂಕೇಶ್ ತೋರಿಸಿದರು, ಸರಿ. ಆದರೆ ಅವರ ವರದಿಗಾರರು ಓಡಾಡಿದ್ದು ಹೆಚ್ಚಾಗಿ ಕರ್ನಾಟಕದೊಳಗೆ. ನಾವು ಹೊರದೇಶದ ಸುದ್ದಿಗೆ ಏಜೆನ್ಸಿಗಳನ್ನು ನಂಬಿದ್ದೇವೆ. ದುಬೈಯಲ್ಲೋ ಸಿಂಗಾಪುರದಲ್ಲೋ ಇರುವ ಕನ್ನಡಿಗರು ಅಲ್ಲಿನ ಸಂಬಳ, ಬಾಡಿಗೆ, ಕಾನೂನುಗಳ ಬಗ್ಗೆ ಕಂಡದ್ದನ್ನು ಬರೆದು ಕಳಿಸಿದರೆ ಪುಟ ಕೊಡಲು ನಾನು ತಯಾರಿದ್ದೇನೆ. ಸದ್ಯಕ್ಕೆ ಬರುವುದು ಜಾಸ್ತಿ ರಾಜ್ಯೋತ್ಸವದ ಫೋಟೊಗಳೇ.

— ಸಂ.