ಬರಗಾಲದ ಕೂಲಿ: ನಿಮ್ಮ ಪ್ರಶ್ನೆಗೆ

ನರೇಗಾಕ್ಕೂ ಮುಂಚೆ ಬರ ಬಂದಾಗ ಸರ್ಕಾರ ಕೂಲಿ ಕೆಲಸ ಕೊಡ್ತಿತ್ತಾ ಅಂತ ಕೇಳಿದ್ದೀರಿ. ಕೊಡ್ತಿತ್ತು. ಆದರೆ 1877ರ ಬರಗಾಲದ ಕಥೆ ಓದಿದರೆ ಹೊಟ್ಟೆ ಉರಿಯುತ್ತದೆ. ಮದ್ರಾಸ್ ಪ್ರಾಂತ್ಯದಲ್ಲಿ ರಿಚರ್ಡ್ ಟೆಂಪಲ್ ಅನ್ನೋ ಬ್ರಿಟಿಷ್ ಅಧಿಕಾರಿ ಖರ್ಚು ಉಳಿಸೋಕೆ ಅಂತ, ಇಡೀ ದಿನ ಬಿಸಿಲಲ್ಲಿ ದುಡಿದ ಗಂಡಾಳಿಗೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೊಂದು ಆಣೆ ಸಾಕು ಅಂತ ಗೊತ್ತುಮಾಡಿದ. ಒಂದು ಪೌಂಡ್ ಅಂದರೆ ಬರೀ 450 ಗ್ರಾಂ! ಬೇಳೆ, ಉಪ್ಪು, ಸೌದೆ ಎಲ್ಲ ಆ ಒಂದಾಣೆಯಲ್ಲೇ ಆಗಬೇಕು. ಇದರಲ್ಲಿ ಜೀವ ಉಳಿಯಲ್ಲ ಅಂತ ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಪಟ್ಟು ಹಿಡಿದು ವಾದಿಸಿದರು, ಅದೇ ವರ್ಷ ಕೂಲಿ ಸ್ವಲ್ಪ ಏರಿತು. ಕೆಲಸ ಕೇಳೋದು ಜನರ ಹಕ್ಕು ಅನ್ನೋ ಮಾತು ಬಂದಿದ್ದು ಬಹಳ ತಡವಾಗಿ. ಮಹಾರಾಷ್ಟ್ರದಲ್ಲಿ 1972ರ ಬರದ ಅನುಭವ ಆದಮೇಲೆ, 1977ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಮಾಡಿದರು. ನರೇಗಾದ ಬೇರು ಅಲ್ಲಿದೆ.