ಕೊಳವೆ ಯಾರದು ಅಂತ ಮೊದಲು ಕೇಳು

ತಮ್ಮಾ,

ಲೀಡ್ಸ್‌ನಲ್ಲಿ ಕಟ್ಟುತ್ತಿರುವ ಹೊಸ ಬಡಾವಣೆಯಲ್ಲಿ ಮನೆ ಬೆಚ್ಚಗಿಡಲು ಸಾಲುಮನೆಗಳಿಗೆ ತಲಾ ಒಂದು ಹೀಟ್ ಪಂಪ್, ಪಕ್ಕದ ಫ್ಲ್ಯಾಟುಗಳಿಗೆಲ್ಲ ಸೇರಿ, ಒಂದೇ ಕಡೆ ನೀರು ಕಾಯಿಸಿ ಕೊಳವೆಯಲ್ಲಿ ಮನೆಮನೆಗೂ ಕಳಿಸುವ ಒಂದು ಹೀಟ್ ನೆಟ್‌ವರ್ಕ್. ಎರಡನ್ನೂ ‘ಲೋ ಕಾರ್ಬನ್’, ಅಂದರೆ ಇಂಗಾಲದ ಹೊಗೆ ಕಡಿಮೆ ಅಂತಾರೆ, ಯಾವುದು ಬುಕ್ ಮಾಡಲಿ ಅಂತ ಕೇಳಿದ್ದೀಯ. ಜೊತೆಗೆ ಸ್ವೆಟರು, ಸ್ಕೂಲು ಅಂತ ಇನ್ನೆರಡು ಪ್ರಶ್ನೆ. ಸ್ವೆಟರ್ ಅಲ್ಲಿಂದ ಹೊತ್ತು ತರಬೇಡ, ಇಲ್ಲೇ ಸಿಗುತ್ತೆ. ಸ್ಕೂಲು ಸಿಗುವುದು ಬಹುಪಾಲು ಮನೆ ವಿಳಾಸದ ಮೇಲೆ, ಹಾಗಾಗಿ ಮೊದಲು ಮನೆ.

ನಾನು ಬಂದಾಗ ಇಂಥ ಆಯ್ಕೆಯೇ ಇರಲಿಲ್ಲ. ಅಡುಗೆಮನೆ ಗೋಡೆಗೊಂದು ಗ್ಯಾಸ್ ಬಾಯ್ಲರ್. ಚಳಿಯಾದರೆ ಹಾಕು, ಹೊರಟರೆ ಆರಿಸು. ಗೀಸರ್ ಸ್ವಿಚ್ ಆರಿಸದೆ ಬೈಸಿಕೊಂಡು ಬೆಳೆದ ನಮಗೆ ಅದು ಸಲೀಸು. ಹೀಟ್ ಪಂಪ್ ಹತ್ತಿರ ಆ ಬುದ್ಧಿ ನಡೆಯಲ್ಲ. ಹೊರಗಿನ ಗಾಳಿಯ ಶಾಖವನ್ನೇ ಒಳಗೆಳೆಯುವ ಯಂತ್ರ ಅದು, ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತೆ. ಆದರೆ ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಹೋಗುವ ನೀರು ಹೆಚ್ಚು ಬಿಸಿಯಾದಷ್ಟೂ ಈ ಲಾಭ ಕರಗುತ್ತೆ. ಸಣ್ಣ ಉರಿಯ ಒಲೆಯ ಹಾಗೆ ದಿನವಿಡೀ ನಿಧಾನಕ್ಕೆ ನಡೆಯಬೇಕು. ಇಂಗ್ಲೆಂಡಿನಲ್ಲಿ 2022ರ ಜೂನ್‌ನಿಂದ ಹೊಸ ಮನೆಗಳ ಹೀಟಿಂಗ್ ನೀರು 55 ಡಿಗ್ರಿ ಮೀರದಂತೆ ಡಿಸೈನ್ ಮಾಡಬೇಕೆಂಬ ನಿಯಮವಿದೆ. ಬಿಲ್ಡರ್ 55 ಅಂದರೆ ಪಾಸ್ ಮಾರ್ಕು ಅಷ್ಟೆ. 40 ಅಂದರೆ ಕೆಲಸ ಗೊತ್ತಿದ್ದವರು. ಕರೆಂಟು ಇಲ್ಲಿ ಯೂನಿಟ್‌ಗೆ ಗ್ಯಾಸಿನ ನಾಲ್ಕು ಪಟ್ಟಿನ ಹತ್ತಿರ, ಆದ್ದರಿಂದ ಆ ಹದಿನೈದು ಡಿಗ್ರಿಯೂ ದುಡ್ಡೇ.

ಹೀಟ್ ಪಂಪ್ ಇದ್ದರೆ ಬಿಸಿನೀರಿನ ಸಿಲಿಂಡರಿಗೆ ಒಂದು ಬೀರುವಿನಷ್ಟು ಜಾಗ ಹೋಗುತ್ತೆ. ಸರ್ಕಾರ ಕೊಡುವ 7,500 ಪೌಂಡ್ ಸಹಾಯಧನದ ಆಸೆ ಬೇಡ, ಡೆವಲಪರ್ ಕಟ್ಟಿದ ಹೊಸ ಮನೆಗೆ ಅದಿಲ್ಲ. ಕರಪತ್ರದಲ್ಲಿ ಬರೀ ‘ಎಲೆಕ್ಟ್ರಿಕ್ ಹೀಟಿಂಗ್’ ಅಂತಿದ್ದರೆ ಎಚ್ಚರ: ಗೋಡೆಗೆ ಹಾಕುವ ಪ್ಯಾನಲ್ ಹೀಟರ್ ಇರಬಹುದು. ಅದು ಒಂದಕ್ಕೆ ಒಂದೇ ಕೊಡೋದು. ಕಟ್ಟುವವನಿಗೆ ಅಗ್ಗ, ಇರುವವನಿಗೆ ದುಬಾರಿ.

ಈಗ ನೆಟ್‌ವರ್ಕ್ ವಿಷಯ. ಅದೇನೂ ಕೆಟ್ಟ ಉಪಾಯವಲ್ಲ. ಲಂಡನ್ನಿನ ಪಿಮ್ಲಿಕೊದಲ್ಲಿ 1950ರಷ್ಟು ಹಿಂದೆಯೇ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದಲ್ಲಿ ದಂಡವಾಗುತ್ತಿದ್ದ ಶಾಖವನ್ನು ಥೇಮ್ಸ್ ನದಿಯ ಅಡಿಯಿಂದ ದಾಟಿಸಿ ಮನೆಗಳಿಗೆ ಕೊಟ್ಟಿದ್ದರು. ಡೆನ್ಮಾರ್ಕಿನಲ್ಲಿ ಮೂರರಲ್ಲಿ ಎರಡು ಮನೆ ನಡೆಯುವುದೇ ಹೀಗೆ. ಆದರೆ ಅಲ್ಲಿ ಶಾಖ ಮಾರುವವರು ಖರ್ಚಿನಷ್ಟೇ ವಸೂಲು ಮಾಡಬೇಕೆಂಬ ಕಾನೂನು ದಶಕಗಳಿಂದ ಇದೆ. ಇಲ್ಲಿ ಆ ಕಟ್ಟುಪಾಡಿಲ್ಲ.

ನಾವೂ ಅಂಥ ಫ್ಲ್ಯಾಟಿನಲ್ಲಿದ್ದೆವು. 2022ರಲ್ಲಿ ಗ್ಯಾಸ್ ಬೆಲೆ ಏರಿದಾಗ ಸ್ವಂತ ಬಾಯ್ಲರ್ ಇದ್ದವರಿಗೆ ಇಲ್ಲಿನ ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್‌ನ ಪ್ರೈಸ್ ಕ್ಯಾಪ್, ಅಂದರೆ ದರದ ಮಿತಿ, ಅಡ್ಡ ನಿಂತಿತು. ನಮ್ಮ ನೆಟ್‌ವರ್ಕು ಗ್ಯಾಸ್ ಕೊಳ್ಳುತ್ತಿದ್ದದ್ದು ವಾಣಿಜ್ಯ ದರದಲ್ಲಿ, ನಮಗೆ ಆ ರಕ್ಷಣೆ ಇಲ್ಲ. ಬಿಲ್ ನೋಡಿ ಎದೆ ಧಸಕ್ಕೆಂದಿತು. ಕಂಪನಿ ಬದಲಿಸೋಣವೆಂದರೆ ಕಟ್ಟಡಕ್ಕೆ ಬರುವುದು ಒಂದೇ ಕೊಳವೆ, ಒಪ್ಪಂದವೋ ದಶಕಗಳದ್ದು. ಆ ಚಳಿಗಾಲ ಅಮ್ಮ ಬಂದಿದ್ದರು. ಯಾರೂ ಏನೂ ಹೇಳದಿದ್ದರೂ ನಮ್ಮ ಗುಸುಗುಸು ಕಿವಿಗೆ ಬಿದ್ದಿರಬೇಕು. ಎರಡು ಶಾಲು ಹೊದ್ದು ಕೂತು “ನನಗೇನು ಚಳಿಯಿಲ್ಲಪ್ಪ, ಆರಿಸಿಬಿಡು” ಅನ್ನುತ್ತಿದ್ದರು. ಆಮೇಲೆ ಅವರು ಮತ್ತೆ ಬರಲಿಲ್ಲ, ಬರುವ ವಯಸ್ಸೂ ದಾಟಿತು. ಇಷ್ಟು ವರ್ಷ ದುಡಿದು ಅಮ್ಮನಿಗೊಂದು ಬೆಚ್ಚನೆಯ ಕೋಣೆ ಕೊಡಲಾಗಲಿಲ್ಲವಲ್ಲ ಅನ್ನೋದು ಇವತ್ತಿಗೂ ಚುಚ್ಚುತ್ತೆ.

2026ರ ಜನವರಿಯಿಂದ ಹೀಟ್ ನೆಟ್‌ವರ್ಕುಗಳೂ ಆಫ್‌ಜೆಮ್ ನಿಗಾಕ್ಕೆ ಬಂದಿವೆ, ಪರವಾಗಿಲ್ಲ. ಆದರೂ ನಿನಗೆ ಬೇಕಾದ ಕಂಪನಿಗೆ ಬದಲಾಗುವ ಸ್ವಾತಂತ್ರ್ಯ ಸಿಕ್ಕಿಲ್ಲ. ಹಾಗಾಗಿ ಫ್ಲ್ಯಾಟೇ ಬೇಕೆಂದರೆ ನೀರು ಕಾಯಿಸುವ ಎನರ್ಜಿ ಸೆಂಟರಿನಲ್ಲಿ ಉರಿಯುವುದೇನು ಅಂತ ಕೇಳು. ಗ್ಯಾಸ್ ಅಂದರೆ ‘ಲೋ ಕಾರ್ಬನ್’ ಬರೀ ಬಣ್ಣದ ಮಾತು. ಒಪ್ಪಂದ ಎಷ್ಟು ವರ್ಷದ್ದು, ಬಳಸಲಿ ಬಿಡಲಿ ಕಟ್ಟಬೇಕಾದ ಸ್ಟ್ಯಾಂಡಿಂಗ್ ಚಾರ್ಜ್ ಏರಿಸುವ ಸೂತ್ರವೇನು, ಎಲ್ಲ ಬರವಣಿಗೆಯಲ್ಲಿರಲಿ. ಬೇಸಿಗೆಯಲ್ಲೂ ಕೊಳವೆಯ ಬಿಸಿಗೆ ಕಾರಿಡಾರ್ ಕುದಿಯುವ ಕಟ್ಟಡಗಳಿವೆ, ಅದನ್ನೂ ವಿಚಾರಿಸು. ಹೊಸ ಕಟ್ಟಡಕ್ಕೆ ಹಳೆ ಬಿಲ್ ಇರಲ್ಲ ಅಂತಾರೆ. ಅದೇ ಕಂಪನಿ ನಡೆಸುವ ಬೇರೆ ಬಡಾವಣೆಯ ಬಿಲ್ ಕೇಳು.

ನನ್ನ ಮಗಳಾಗಿದ್ದರೆ ಒಂದು ರೂಮು ಕಡಿಮೆಯಾದರೂ ಸಾಲುಮನೆಯನ್ನೇ ಹಿಡಿ ಅನ್ನುತ್ತಿದ್ದೆ. ರಿಸರ್ವೇಶನ್ ದುಡ್ಡು ಕಟ್ಟುವ ಮುಂಚೆ ಹೀಟ್ ಸಪ್ಲೈ ಒಪ್ಪಂದದ ಕಾಗದ ಕಳಿಸು, ಶನಿವಾರ ಕೂತು ಓದಿ ಹೇಳ್ತೀನಿ.