ಒಂದು ಮಗುವಿಗೆ ಇಷ್ಟೊಂದು ತಜ್ಞರೇಕೆ?

ಪ್ರಶ್ನೆ: ನಮ್ಮ 5 ವರ್ಷದ ಮಗಳ ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳಿದ್ದು, ಪರೀಕ್ಷೆಯ ನಂತರ ಅದು ನ್ಯೂರೋಫೈಬ್ರೊಮಾಟೋಸಿಸ್ ಟೈಪ್ 1 ಎಂದು ತಿಳಿದುಬಂದಿದೆ. ಎಂಆರ್‌ಐ ಸ್ಕ್ಯಾನ್‌ನಲ್ಲಿ ದೃಷ್ಟಿನರದಲ್ಲಿ ಸಣ್ಣ ಗೆಡ್ಡೆ ಕಂಡಿದೆ. ಒಬ್ಬ ವೈದ್ಯರು ಕೂಡಲೇ ಚಿಕಿತ್ಸೆ ಆರಂಭಿಸಬೇಕೆಂದರೆ ಇನ್ನೊಬ್ಬರು ಕಾಯೋಣ ಎನ್ನುತ್ತಾರೆ. ಕಣ್ಣು, ನರ, ಮೂಳೆ, ತಳಿವಿಜ್ಞಾನ ಎಂದು ಅಲೆದು ಸೋತಿದ್ದೇವೆ. ಒಬ್ಬರೇ ವೈದ್ಯರು ನೋಡಿಕೊಳ್ಳಲು ಸಾಧ್ಯವಿಲ್ಲವೇ?

ಉತ್ತರ: ನಿಮ್ಮ ದಣಿವು ಅರ್ಥವಾಗುವಂಥದ್ದು. ಆದರೆ ತಜ್ಞರ ಸಂಖ್ಯೆಗಿಂತಲೂ ಅವರು ಪರಸ್ಪರ ಮಾತನಾಡದಿರುವುದೇ ನಿಮ್ಮ ತೊಂದರೆಯ ಮೂಲ ಎಂದು ನನಗನ್ನಿಸುತ್ತದೆ. ಈ ಕಾಯಿಲೆ ಸುಮಾರು 3,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಜೀವಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ನ್ಯೂರೋಫೈಬ್ರೊಮಿನ್ ಎಂಬ ಪ್ರೋಟೀನನ್ನು ತಯಾರಿಸುವ, 17ನೇ ವರ್ಣತಂತುವಿನಲ್ಲಿರುವ ವಂಶವಾಹಿಯಲ್ಲಿನ ದೋಷವೇ ಇದಕ್ಕೆ ಕಾರಣ. ಆ ಪ್ರೋಟೀನಿನ ಕೆಲಸ ದೇಹದ ಹಲವೆಡೆ ನಡೆಯುವುದರಿಂದ ಚರ್ಮ, ನರ, ಕಣ್ಣು, ಮೂಳೆ, ರಕ್ತನಾಳ, ಕಲಿಕೆ ಇವೆಲ್ಲಕ್ಕೂ ಕಾಯಿಲೆಯ ಪರಿಣಾಮ ತಟ್ಟಬಹುದು. ಇಷ್ಟನ್ನೂ ಆಳವಾಗಿ ಬಲ್ಲ ಒಬ್ಬರೇ ವೈದ್ಯರು ಸಿಗುವುದು ಕಷ್ಟ.

ಈಗ ದೃಷ್ಟಿನರದ ಗೆಡ್ಡೆಯ ವಿಚಾರಕ್ಕೆ ಬರೋಣ. ಈ ಕಾಯಿಲೆಯಿರುವ ಮಕ್ಕಳಲ್ಲಿ ಸುಮಾರು 15 ಶೇಕಡಾ ಮಂದಿಗೆ ಇಂಥ ಗೆಡ್ಡೆ ಕಾಣಿಸಿಕೊಳ್ಳುತ್ತದೆ, ಬಹುಪಾಲು 7 ವರ್ಷ ತುಂಬುವುದರೊಳಗೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಯಾವ ತೊಂದರೆಯನ್ನೂ ಕೊಡದೆ, ಚಿಕಿತ್ಸೆಯಿಲ್ಲದೆಯೇ ಇದ್ದಂತೆಯೇ ಉಳಿದುಬಿಡುತ್ತವೆ. ಹೀಗಾಗಿ ಸ್ಕ್ಯಾನ್‌ನಲ್ಲಿ ಕಂಡಿತೆಂಬ ಒಂದೇ ಕಾರಣಕ್ಕೆ ಔಷಧ ಆರಂಭಿಸುವುದಿಲ್ಲ. ಮಗುವಿನ ದೃಷ್ಟಿ ಕುಂದುತ್ತಿದೆಯೇ ಎಂಬುದೇ ಮುಖ್ಯ ಮಾನದಂಡ. ಕೀಮೋಥೆರಪಿ ಕೊಡುವವರು ಮಕ್ಕಳ ಕ್ಯಾನ್ಸರ್ ತಜ್ಞರಾದರೂ, ಅದು ಬೇಕೋ ಬೇಡವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮಕ್ಕಳ ನೇತ್ರತಜ್ಞರು ಅಳೆದ ದೃಷ್ಟಿ. ಅದೇ ಗೆಡ್ಡೆ ಮೆದುಳಿನ ಬುಡದತ್ತ ಚಾಚಿಕೊಂಡರೆ ವಯಸ್ಸಿಗೆ ಮುನ್ನವೇ ಪ್ರೌಢತೆ ಬರಬಹುದು, ಮತ್ತು ಅದರ ಮೊದಲ ಸುಳಿವು ಹಲವು ಸಲ ಮಕ್ಕಳ ವೈದ್ಯರು ಗುರುತಿಸುವ ಎತ್ತರದ ಏರುಗತಿಯಲ್ಲಿ ಸಿಗುತ್ತದೆ. ಒಬ್ಬರ ಅಳತೆ ಇನ್ನೊಬ್ಬರ ಕೈಸೇರದಿದ್ದರೆ ಅನಗತ್ಯ ಚಿಕಿತ್ಸೆಯೂ ಆಗಬಹುದು, ಅಗತ್ಯವಾದದ್ದು ತಡವಾಗಲೂಬಹುದು. ವಿಕಿರಣ ಚಿಕಿತ್ಸೆಯನ್ನು ಈ ಮಕ್ಕಳಲ್ಲಿ ಸಾಧ್ಯವಾದಷ್ಟೂ ದೂರವಿಡುತ್ತಾರೆ. ಅದರಿಂದ ಮುಂದೆ ಬೇರೆ ಗೆಡ್ಡೆಗಳು ಹುಟ್ಟುವ ಮತ್ತು ಮೆದುಳಿನ ರಕ್ತನಾಳಗಳು ಕಿರಿದಾಗುವ ಅಪಾಯ ಹೆಚ್ಚುತ್ತದೆ.

ಆದ್ದರಿಂದ ಆ ಇಬ್ಬರಲ್ಲಿ ಯಾರನ್ನು ನಂಬಬೇಕೆಂದು ನೀವೇ ತೀರ್ಮಾನಿಸಲು ಹೊರಡಬೇಡಿ. ಸ್ಕ್ಯಾನ್ ಮತ್ತು ಕಣ್ಣಿನ ವರದಿಗಳನ್ನು ಒಟ್ಟಿಗೆ ಇಟ್ಟು, ನೇತ್ರ, ನರ ಮತ್ತು ಕ್ಯಾನ್ಸರ್ ತಜ್ಞರು ಒಂದೇ ಸಭೆಯಲ್ಲಿ ಚರ್ಚಿಸಬೇಕೆಂದು ಸ್ಪಷ್ಟವಾಗಿ ಕೇಳಿ. ಹೀಗೆ ಕೇಳುವುದು ವೈದ್ಯರ ಮೇಲಿನ ಅಪನಂಬಿಕೆಯಲ್ಲ, ಅದು ಮಗುವಿನ ಹಕ್ಕು. ಇಷ್ಟೇ ಮುಖ್ಯವಾಗಿ, ಎಲ್ಲ ವರದಿಗಳು ಬಂದು ಸೇರುವಂತೆ ಒಬ್ಬರು, ಮಕ್ಕಳ ವೈದ್ಯರೋ ತಳಿವಿಜ್ಞಾನ ತಜ್ಞರೋ, ಹೊಣೆ ಹೊರಲಿ. ರಕ್ತದೊತ್ತಡ, ಬೆನ್ನುಮೂಳೆಯ ಬಾಗು, ಶಾಲೆಯ ಕಲಿಕೆ ಇವುಗಳ ವಾರ್ಷಿಕ ಪರೀಕ್ಷೆಯನ್ನೂ ಅವರೇ ನೋಡಿಕೊಳ್ಳಬಹುದು. ಕಲಿಕೆ ಮತ್ತು ಗಮನದ ತೊಂದರೆ ಈ ಮಕ್ಕಳಲ್ಲಿ ಬಹಳ ಸಾಮಾನ್ಯವಾಗಿದ್ದರೂ ಗೆಡ್ಡೆಯ ಆತಂಕದಲ್ಲಿ ಅದು ಮರೆಯಾಗಿಬಿಡುತ್ತದೆ ಎಂಬುದು ನನ್ನ ಕಳವಳ. ತಂಡದಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞರೂ ಇರಲೆಂದು ಒತ್ತಾಯಿಸಿ.

ಪ್ರಶ್ನೆ: ಇದೇ ಕಾಯಿಲೆಯಿರುವ ನನ್ನ ಮಗನ ಕುತ್ತಿಗೆಯಲ್ಲಿ ನರಗಳ ಸುತ್ತ ಹರಡಿರುವ ಗಂಟನ್ನು ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆಯಲಾಗದು ಎಂದಿದ್ದಾರೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ತೊಂದರೆ ಕೊಡುತ್ತಿರುವ, ಶಸ್ತ್ರಚಿಕಿತ್ಸೆಗೆ ಒಗ್ಗದ ಇಂಥ ಗಂಟುಗಳಿಗೆ ಸೆಲುಮೆಟಿನಿಬ್ ಎಂಬ ಬಾಯಿಯ ಮೂಲಕ ಸೇವಿಸುವ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ, 2 ವರ್ಷ ಮೇಲ್ಪಟ್ಟ ಮಕ್ಕಳಿಗೆ ಅನುಮತಿ ದೊರೆಯಿತು. ಅನೇಕ ಮಕ್ಕಳಲ್ಲಿ ಗಂಟು ಕುಗ್ಗಿ ನೋವು ತಗ್ಗುತ್ತದೆಯಾದರೂ ಸಾಮಾನ್ಯವಾಗಿ ಪೂರ್ತಿ ಮಾಯವಾಗುವುದಿಲ್ಲ. ಹೃದಯ, ಕಣ್ಣು ಮತ್ತು ಚರ್ಮದ ಮೇಲೆ ಅಡ್ಡಪರಿಣಾಮ ಸಾಧ್ಯವಿರುವುದರಿಂದ ಔಷಧ ಬರೆಯುವವರೊಬ್ಬರಾದರೂ ಅದರ ಪರಿಣಾಮದ ಮೇಲೆ ಕಣ್ಣಿಡುವವರು ಹಲವರಿರಬೇಕು. ಗಂಟು ಹಠಾತ್ತನೆ ಬೆಳೆದರೆ, ಗಟ್ಟಿಯಾದರೆ, ರಾತ್ರಿಯೂ ಬಿಡದ ನೋವು ಕಾಣಿಸಿಕೊಂಡರೆ ಮುಂದಿನ ಭೇಟಿಗೆ ಕಾಯದೆ ಕೂಡಲೇ ತಿಳಿಸಿ. ಅದು ಕ್ಯಾನ್ಸರ್ ಆಗಿ ಮಾರ್ಪಡುತ್ತಿರುವ ಲಕ್ಷಣವಿರಬಹುದು.

ಪ್ರಶ್ನೆ: ನಮ್ಮಿಬ್ಬರಿಗೂ ಈ ಕಾಯಿಲೆ ಇಲ್ಲ. ಎರಡನೆಯ ಮಗುವಿಗೆ ಬರಬಹುದೇ?

ಉತ್ತರ: ಸುಮಾರು ಅರ್ಧದಷ್ಟು ಮಕ್ಕಳಲ್ಲಿ ದೋಷ ಹೊಸದಾಗಿ ಹುಟ್ಟಿಕೊಂಡಿರುತ್ತದೆ. ಹಾಗಿದ್ದರೆ ಮರುಕಳಿಸುವ ಸಾಧ್ಯತೆ ತೀರ ಕಡಿಮೆ. ತಂದೆ ಅಥವಾ ತಾಯಿಗೆ ಕಾಯಿಲೆಯಿದ್ದಲ್ಲಿ ಮಾತ್ರ ಪ್ರತಿ ಗರ್ಭಧಾರಣೆಯಲ್ಲೂ ಆ ಸಾಧ್ಯತೆ 50 ಶೇಕಡಾ. ಲಕ್ಷಣಗಳು ಅತಿ ಸೌಮ್ಯವಾಗಿದ್ದು ಗಮನಕ್ಕೆ ಬಾರದೆ ಹೋಗಿರಬಹುದಾದ್ದರಿಂದ ನೀವಿಬ್ಬರೂ ಚರ್ಮ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಿಕೊಂಡು, ಬಳಿಕ ತಳಿವಿಜ್ಞಾನ ಸಮಾಲೋಚಕರನ್ನು ಕಾಣುವುದು ಒಳ್ಳೆಯದು.